ಉಮರಸಾಬರ ಕಾರಿನ ಹೀಟರ್

ಡ್ಯಾಶ್‌ಬೋರ್ಡಿನ ಕೊನೆಯ ಬೋಲ್ಟು ಕಳಚಿದ ಮೇಲೆ ಕೊಟ್ರೇಶನಿಗೆ ಇನ್ನೊಬ್ಬರ ಕೈ ಬೇಕಾಯಿತು. ಸ್ಟೇರಿಂಗ್ ಆಗಲೇ ಹಿಂದಿನ ಸೀಟಿನ ಮೇಲೆ ಬಿದ್ದಿತ್ತು. ಮೀಟರು, ರೇಡಿಯೋ, ಗೇರಿನ ಸುತ್ತಲಿನ ಪ್ಲಾಸ್ಟಿಕ್ಕು ಎಲ್ಲ ನೆಲಕ್ಕೆ ಹಾಸಿದ ಗೋಣಿಚೀಲದ ಮೇಲಿದ್ದವು. ಒಬ್ಬನೇ ಎಳೆದರೆ ಡ್ಯಾಶ್‌ಬೋರ್ಡು ಒಂದು ಕಡೆ ವಾಲಿ ಹಿಂದಿನ ವೈರುಗಳು ಹರಿದುಹೋಗುತ್ತಿದ್ದವು.

"ಚಾಚಾ, ಆ ಕಡಿ ಬಾಗಲದಾಗ ನಿಂದರ್ರಿ. ನಾ ಹೂಂ ಅಂದಾಗ ಎತ್ರಿ. ಜಗ್ಗಬ್ಯಾಡ್ರಿ ಮತ್ತ."

ಬೆಳಗಿನಿಂದ ಹಳೆಯ ಟೈರಿನ ಮೇಲೆ ಕೂತು ನೋಡುತ್ತಿದ್ದ ಉಮರಸಾಬರು ಎದ್ದು ಬಂದರು. ತಲೆಯ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡು, ಬಗ್ಗಿ, ಎರಡೂ ಕೈ ಒಳಗೆ ಚಾಚಿದರು. ಡ್ಯಾಶ್‌ಬೋರ್ಡು ನಿಧಾನವಾಗಿ ಹೊರಗೆ ಬಂತು. ಕೆಳಗಿಳಿಸುವಾಗ ತಗಡಿನ ಅಂಚೊಂದು ಅವರ ಬೆರಳುಗಳನ್ನು ಗೀರಿತು. ಅವರು ರಕ್ತವನ್ನು ಪೈಜಾಮಕ್ಕೆ ಒರೆಸಿಕೊಂಡು ಕಾರಿನೊಳಗೆ ಇಣುಕಿದರು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮದುವೆಗಳಲ್ಲಿ ಮದುಮಕ್ಕಳನ್ನು ಮೆರೆಸಿದ ಕಾರು. ಈಗ ಅದರ ಮುಂಭಾಗದಲ್ಲಿ ಬರೀ ಕಬ್ಬಿಣ, ವೈರು.

"ಅಷ್ಟ ಸಣ್ಣ ಸಾಮಾನಕ್ಕ ಇಷ್ಟೆಲ್ಲ ಬಿಚ್ಚಬೇಕಾತೇನಪಾ?"

"ಅದು ಇರೋದ ಎಲ್ಲಾದ್ರಕಿಂತ ಒಳಗ್ರಿ. ಅದನ್ನ ಇಟ್ಟ ಮ್ಯಾಲ ಉಳದದ್ದೆಲ್ಲ ಅದರ ಮುಂದ ಕೂಡಸಿರ್ತಾರ."

ಕುಷ್ಟಗಿಯ ಹೈವೇ ಪಕ್ಕದ ಈ ಶೆಡ್ಡಿಗೆ ಬರುವವರೆಲ್ಲ ಎಸಿ ತಂಪು ಕೊಡುವುದಿಲ್ಲವೆಂದು ಬರುವವರು. ಯುಗಾದಿ ಹೊತ್ತಿಗೆ ಕಾರುಗಳು ಸಾಲುಗಟ್ಟುತ್ತಿದ್ದವು. ಜನವರಿಯಲ್ಲಿ ಕೊಟ್ರೇಶನಿಗೆ ಕೆಲಸವಿರುತ್ತಿರಲಿಲ್ಲ. ಹೀಟರ್ ರಿಪೇರಿ ಮಾಡು ಎಂದು ಈವರೆಗೆ ಯಾರೂ ಕೇಳಿದ್ದೇ ಇಲ್ಲ. ಆದ್ದರಿಂದ ಬೆಳಿಗ್ಗೆ ಉಮರಸಾಬರು ಕೇಳಿದಾಗ ಅವನು ನಕ್ಕುಬಿಟ್ಟಿದ್ದ.

"ಹೀಟರ? ಕಾಶ್ಮೀರಕ್ಕ ಹೊಂಟೀರೇನ್ರಿ ಚಾಚಾ?"

ಉಮರಸಾಬರು ನಗಲಿಲ್ಲ. ಹೆಂಡತಿ ಶಹನಾಜಬೇಗಂಗೆ ಎರಡೂ ಕಿಡ್ನಿ ಕೆಟ್ಟು ವರ್ಷದ ಮೇಲಾಗಿತ್ತು. ಮಂಗಳವಾರ, ಶುಕ್ರವಾರ ನಸುಕಿನಲ್ಲೇ ಎದ್ದು ಕೊಪ್ಪಳಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗುವಾಗಲೂ ಬರುವಾಗಲೂ ಆಕೆ ಎರಡು ರಗ್ಗು ಹೊದ್ದರೂ ಗಡಗಡ ನಡುಗುತ್ತಾಳೆ. ನಿನ್ನೆ ಮಂಗಳವಾರ ಆಕೆ ಹಾಸಿಗೆಯಿಂದ ಏಳಲೇ ಇಲ್ಲ.

"ಥಂಡಿ ನಂಗ ತಡಿಯಂಗಿಲ್ಲ, ಇನ್ನ ಬರಂಗಿಲ್ಲ ಅಂದ್ಲು. ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ಲು. ಡಾಕ್ಟರು ಫೋನ್‌ನ್ಯಾಗ ಬೈದ್ರು. ಶುಕ್ರವಾರನೂ ತಪ್ಪಿತಂದ್ರ ನನ್ನ ಕೇಳಬ್ಯಾಡ್ರಿ ಅಂದಾರ."

ಕೊಟ್ರೇಶ ಬಾನೆಟ್ ಎತ್ತಿದ್ದ. ಹೀಟರಿಗೆ ಬಿಸಿನೀರು ಹೋಗುವ ಎರಡು ಪೈಪುಗಳನ್ನು ಯಾರೋ ಮಿಸ್ತ್ರಿ ಎಂದೋ ಕಿತ್ತು ಒಂದಕ್ಕೊಂದು ಜೋಡಿಸಿಬಿಟ್ಟಿದ್ದ. ಒಳಗೆ ಸೋರಿತ್ತು, ಈ ಬಿಸಿಲು ನಾಡಿನಲ್ಲಿ ಅದು ಯಾರಿಗೆ ಬೇಕು ಎಂದು ಹಾಗೇ ಬಿಟ್ಟದ್ದು.

ಈಗ ಅವನು ಎಸಿ ಬಾಕ್ಸಿನ ನಟ್ಟುಗಳನ್ನು ಸಡಿಲಿಸಿದ. ಗ್ಯಾಸನ್ನು ಮೊದಲೇ ಮಶೀನಿಗೆ ಇಳಿಸಿಕೊಂಡಿದ್ದ. ಅಲ್ಲಾಡಿಸುತ್ತ ಅಲ್ಲಾಡಿಸುತ್ತ ಇಡೀ ಪೆಟ್ಟಿಗೆಯನ್ನು ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿ ಹೊರಗೆ ತಂದ. ಬೆಂಚಿನ ಮೇಲಿಟ್ಟು ಎರಡು ಹೋಳು ಮಾಡಿದಾಗ ಮುದ್ದೆಗಟ್ಟಿದ ಧೂಳು, ಬೇವಿನೆಲೆ, ಮಿಂಚುಕಾಗದದ ಚೂರು, ಕಪ್ಪಾದ ಗುಲಾಬಿ ಎಸಳು ಹೊರಬಿದ್ದವು. ಹೀಟರಿನ ಪುಟ್ಟ ರೇಡಿಯೇಟರ್ ಹಸಿರು ಕಿಲುಬು ಹಿಡಿದಿತ್ತು.

"ಹುಬ್ಬಳ್ಳಿಯಿಂದ ಹೊಸಾದು ತರಸ್ತೀನ್ರಿ. ನಾಳೆ ಕೂಡಸೋಣ. ಈಗ ಮನಿಗೆ ಹೋಗ್ರಿ, ಬಸ್ ಐತಿ."

"ಇನ್ನ ಸ್ವಲ್ಪ ಕುಂದರ್ತೀನಿ ತಗೋ. ಮನ್ಯಾಗ ಅಕಿ ಮಾತಾಡ್ಸಂಗಿಲ್ಲ."

ಮರುದಿನ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಬುತ್ತಿ ಇತ್ತು. ಮಧ್ಯಾಹ್ನ ಕೊಟ್ರೇಶನಿಗೂ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ಪಲ್ಯದಲ್ಲಿ ಉಪ್ಪೇ ಇರಲಿಲ್ಲ.

"ಅಕಿಗೆ ಉಪ್ಪು ಬಂದ್ ಮಾಡ್ಯಾರ. ಒಂದ ಮನ್ಯಾಗ ಎರಡ ಥರಾ ಅಡಗಿ ಯಾಕಂತ ನಾನೂ ಬಿಟ್ಟೆ. ನಿಂಗ ಬೇಕಾದ್ರ ಹಾಕ್ಕೋ."

ಕೊಟ್ರೇಶ ಹಾಕಿಕೊಳ್ಳಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಉಪ್ಪಿನ ಡಬ್ಬಿ ಇತ್ತು, ಎದ್ದು ಹೋಗಬೇಕೆನಿಸಲಿಲ್ಲ. ಅವನು ಎದುರಿಗೊಬ್ಬರನ್ನು ಕೂಡಿಸಿಕೊಂಡು ಉಂಡು ಬಹಳ ದಿನವಾಗಿತ್ತು.

ಸಂಜೆಗೆ ಕಾರು ಮೊದಲಿನಂತಾಯಿತು. ಎಂಜಿನ್ ಕಾಯ್ದ ಮೇಲೆ ಕೊಟ್ರೇಶ ಗುಂಡಿ ತಿರುಗಿಸಿದ. ಮೊದಲು ರಬ್ಬರಿನ ವಾಸನೆ, ಆಮೇಲೆ ಬಿಸಿಗಾಳಿ. ಉಮರಸಾಬರು ಎರಡೂ ಅಂಗೈಗಳನ್ನು ಗಾಳಿಗೆ ಹಿಡಿದು ಬಹಳ ಹೊತ್ತು ಕೂತರು.

"ನೀನೂ ಬಾ ಕೊಟ್ರೇಶಿ. ದಾರ್ಯಾಗ ಎಲ್ಲೆರ ಸೋರಿತಂದ್ರ ನಾ ಏನ್ ಮಾಡ್ಲಿ? ರಾತ್ರಿ ನಮ್ಮ ಮನ್ಯಾಗ ಮಲಗು, ನಸುಕಿನ್ಯಾಗ ಕೂಡೇ ಹೋಗೂಣು."

ಹೊಸ ಪೈಪು, ಹೊಸ ಕ್ಲಿಪ್ಪು. ಸೋರುವುದಿಲ್ಲವೆಂದು ಕೊಟ್ರೇಶನಿಗೆ ಗೊತ್ತಿತ್ತು. ಆದರೂ ಶೆಡ್ಡಿನ ಶಟರ್ ಎಳೆದು ಹೊರಟ.

ನಸುಕಿನಲ್ಲಿ ಉಮರಸಾಬರು ಕಾರು ಬೆಚ್ಚಗೆ ಮಾಡಿ, ಮನೆಯ ಬಾಗಿಲ ಮುಂದೆ ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆದು ಹಿಡಿದರು. ಶಹನಾಜಬೇಗಂ ಹೊಸ್ತಿಲಲ್ಲೇ ನಿಂತಿದ್ದರು. ಸೊರಗಿದ ಮುಖ, ಊದಿದ ಕಾಲು.

"ಒಂದ್ ಸಲ ಕುಂತು ನೋಡು. ಬ್ಯಾಡ ಅನ್ನಿಸಿದ್ರ ಇಳದುಬಿಡು. ನಾ ಏನೂ ಅನ್ನಂಗಿಲ್ಲ," ಎಂದರು ಉಮರಸಾಬರು.

ಆಕೆ ಕಾರನ್ನು ನೋಡಲಿಲ್ಲ. ಬಾಗಿಲು ಹಿಡಿದಿದ್ದ ಗಂಡನ ಕೈ ನೋಡಿದರು. ನಾಲ್ಕು ಬೆರಳಿಗೂ ಗೀರು, ಉಗುರಿನ ಸಂದಿಯಲ್ಲಿ ಗ್ರೀಸು. ಆಮೇಲೆ ಬಂದು ಕೂತರು.

ಕೊಪ್ಪಳದ ಆಸ್ಪತ್ರೆಯಲ್ಲಿ ಹೆಸರು ಹಚ್ಚಲು ಉಮರಸಾಬರು ಪಾಳಿಗೆ ನಿಂತರು. ಕಾರಿಡಾರಿನ ಬೆಂಚಿನ ಮೇಲೆ ಶಹನಾಜಬೇಗಂ, ಕೊಟ್ರೇಶ ಇಬ್ಬರೇ ಉಳಿದರು.

"ಮನ್ಯಾಗ ಯಾರ‍್ಯಾರ ಇದೀರಿ ತಮ್ಮಾ?"

"ನಾ ಒಬ್ಬಾವನ ರೀ ಚಾಚಿ."

"ಮದುವಿ ಆಗಿಲ್ಲೇನು?"

"ಆಗೇತ್ರಿ. ಮಲ್ಲೇಶ್ವರಿ ಅಂತ. ಶ್ರೀರಾಮನಗರದಾಗ ಅಕಿ ಅಣ್ಣನ ಮನ್ಯಾಗ ಇರ್ತಾಳ. ಅಕಿಗೆ ಕುಷ್ಟಗಿ ನೀರು ಒಗ್ಗಲಿಲ್ರಿ. ಭಾಳ ಗಡಸು ನೀರು, ಆಗಿಬರವಲ್ದು ಅಂತಿದ್ಲು. ಛಲೋ ಫಿಲ್ಟರ್ ತಂದು ಹಾಕಿದೆ. ಆದ್ರೂ ಹೋದ್ಲು."

ಶಹನಾಜಬೇಗಂ ಅವನ ಮುಖವನ್ನೇ ನೋಡಿದರು.

"ನೀರು ಅಂದ್ಲಾ?"

"ಹೂಂ ರೀ."

ಒಳಗಿನಿಂದ ಮಶೀನಿನ ಬೀಪ್ ಸದ್ದು ಕೇಳುತ್ತಿತ್ತು. ಆಕೆ ತೋಳಿನ ಮೇಲೆ ಉಬ್ಬಿ ನಿಂತ ಸೂಜಿ ಚುಚ್ಚುವ ಜಾಗವನ್ನು ಸೆರಗಿನಿಂದ ಮುಚ್ಚಿಕೊಂಡರು.

"ನಾ ಥಂಡಿ ಅಂದೆ," ಎಂದರು ಮೆಲ್ಲಗೆ. "ಸಾಕಾಗೇತಿ ಅಂದಿದ್ರ ನಿಮ್ಮ ಚಾಚಾ ಏನ್ ಮಾಡ್ತಿದ್ರು? ಅದಕ್ಕ ಅವರ ಕಡೆ ಏನೈತಿ? ಥಂಡಿ ಅಂದ್ರ ಇನ್ನೊಂದು ರಗ್ಗು ಹೊಚ್ಚಿ ಸುಮ್ಮನಾಗ್ತಾರ ಅನ್ಕೊಂಡಿದ್ದೆ. ಇಡೀ ಕಾರ ಬಿಚ್ಚಸ್ತಾರಂತ ನಂಗೇನ್ ಗೊತ್ತಪಾ."

ಆಕೆಯ ಮುಖದಲ್ಲಿ ನಗು ಬಂದಂತಾಗಿ ಹೋಯಿತು.

"ಥಂಡಿ ಆಗೂದು ಖರೇನ," ಎಂದರು ಆಕೆ. "ಆದ್ರ ಬರಂಗಿಲ್ಲ ಅಂದದ್ದು ಅದಕ್ಕ ಅಲ್ಲ. ಅವ್ರಿಗೆ ಹೇಳಬ್ಯಾಡ ಮತ್ತ."

ಅಷ್ಟರಲ್ಲಿ ಉಮರಸಾಬರು ಚೀಟಿ ಹಿಡಿದು ಅವಸರವಾಗಿ ಬಂದರು. ನರ್ಸು ಹೆಸರು ಕೂಗಿದಳು. ಶಹನಾಜಬೇಗಂ ಎದ್ದು, ಚಪ್ಪಲಿ ಬಿಟ್ಟು, ಹಿಂತಿರುಗಿ ನೋಡದೆ ಒಳಗೆ ಹೋದರು.

ಬಾಗಿಲು ಮುಚ್ಚಿದ ಮೇಲೆ ಇಬ್ಬರೂ ಹೊರಗಿನ ಬೇವಿನ ಮರದ ಕೆಳಗೆ ಕೂತರು. ಉಮರಸಾಬರು ಚಹಾ ತರಿಸಿದರು. ಮೂರು ದಿನಗಳಲ್ಲಿ ಅವರು ಇಷ್ಟು ಮಾತಾಡಿದ್ದನ್ನು ಕೊಟ್ರೇಶ ಕೇಳಿರಲಿಲ್ಲ.

"ನೋಡಿದ್ಯಾ? ಬರೋವಾಗ ಒಂದ್ ಸಲನೂ ನಡುಗಲಿಲ್ಲ. ಇಷ್ಟ ದಿನಾ ನನ್ನ ತಲಿಗೆ ಯಾಕ ಹೊಳೀಲಿಲ್ಲ ಹೇಳು. ಪಾಪ, ಸುಮ್ಮನ ಥಂಡ್ಯಾಗ ಕರಕೊಂಡು ಅಡ್ಯಾಡಿದೆ. ಇನ್ನ ತಪ್ಪಸಂಗಿಲ್ಲ ಬಿಡು. ಮಳಿಗಾಲನೂ ಕಳದುಬಿಡ್ತೀವಿ."

"ಹೂಂ ರೀ ಚಾಚಾ."

"ನಿನ್ನ ಕೈಗುಣ ಛಲೋ ಐತಿ."

ಕೊಟ್ರೇಶ ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸಿದ. ಈ ಮನುಷ್ಯನಿಗೆ ಹೇಳಿಬಿಡಬೇಕೆಂದು ಒಮ್ಮೆ ಬಾಯಿಗೆ ಬಂತು. ಹೇಳಿದರೆ ಆತ ಇನ್ನು ಯಾವ ಶೆಡ್ಡಿಗೆ, ಯಾರ ಹತ್ತಿರ ಹೋಗಬೇಕು? ಲೋಟ ಕೆಳಗಿಟ್ಟು, ಸೋರಿಕೆ ನೋಡಿ ಬರುತ್ತೇನೆಂದು ಕಾರಿನತ್ತ ನಡೆದ. ಬಾನೆಟ್ ಎತ್ತಿ ನೋಡಿದ. ಎಲ್ಲೂ ಹನಿ ಇರಲಿಲ್ಲ. ಆದರೂ ಬಾನೆಟ್ಟಿನ ಮರೆಯಲ್ಲಿ ಬಹಳ ಹೊತ್ತು ನಿಂತ.

ಹೊರಡುವಾಗ ಹೊತ್ತು ನೆತ್ತಿಗೆ ಬಂದಿತ್ತು. ಶಹನಾಜಬೇಗಂ ನಡುಗುತ್ತಲೇ ಬಂದು, ರಗ್ಗು ಹೊದ್ದು ಮುಂದಿನ ಸೀಟಿನಲ್ಲಿ ಕೂತರು. ಹಲ್ಲು ಕಟಕಟ ಎನ್ನುತ್ತಿದ್ದವು. ಉಮರಸಾಬರು ಎಲ್ಲ ಗ್ಲಾಸು ಏರಿಸಿ ಹೀಟರನ್ನು ಪೂರ್ತಿ ತಿರುಗಿಸಿದರು.

ಊರು ದಾಟುವ ಹೊತ್ತಿಗೆ ನಡುಕ ಕಡಿಮೆಯಾಯಿತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಕಡಲೆ ಹೊಲದಲ್ಲಿ ಹೆಂಗಸರು ಬಿಸಿಲಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಗ್ಗಿದ್ದರು. ಕಾರಿನೊಳಗೆ ಉಸಿರು ಕಟ್ಟುವಂತಿತ್ತು. ಹಿಂದೆ ಕೂತ ಕೊಟ್ರೇಶನ ಅಂಗಿ ಬೆನ್ನಿಗಂಟಿತ್ತು. ಉಮರಸಾಬರ ಕಿವಿಯ ಹಿಂದಿನಿಂದ ಬೆವರು ಧಾರೆಯಾಗಿ ಕಾಲರಿನೊಳಗೆ ಇಳಿಯುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

"ಬೆಚ್ಚಗ ಐತೇನು?"

"ಐತ್ರಿ."

"ಕಡಿಮಿ ಮಾಡ್ಲೇನು?"

"ಬ್ಯಾಡ್ರಿ. ಹಿಂಗ ಇರ್ಲಿ. ಛಲೋ ಅನ್ನಸ್ತೈತಿ."

ಉಮರಸಾಬರು ಕನ್ನಡಿಯಲ್ಲಿ ಕೊಟ್ರೇಶನನ್ನು ನೋಡಿ, ಕೇಳಿದೆಯಾ ಎನ್ನುವಂತೆ ಹುಬ್ಬೇರಿಸಿ, ಮತ್ತೆ ರಸ್ತೆಯ ಕಡೆ ಕಣ್ಣು ತಿರುಗಿಸಿದರು.

ಶಹನಾಜಬೇಗಂ ತಲೆಯನ್ನು ಕಿಟಕಿಯ ಗ್ಲಾಸಿಗೆ ಆನಿಸಿ ಕಣ್ಣು ಮುಚ್ಚಿದ್ದರು. ಹಿಂದಿನ ಸೀಟಿನಿಂದ ಅವರ ಅರ್ಧ ಮುಖ ಕಾಣುತ್ತಿತ್ತು. ಹಣೆಯ ಮೇಲೆ, ಮೂಗಿನ ಕೆಳಗೆ ಸಣ್ಣಗೆ ಬೆವರು ಮೂಡಿತ್ತು. ಒಂದು ಹನಿ ಕೆನ್ನೆಗುಂಟ ಇಳಿದು ಗದ್ದದ ಹತ್ತಿರ ನಿಂತಿತು. ಆಕೆ ಕಣ್ಣು ತೆರೆಯದೆ ಕೈ ಹೊರಗೆ ತೆಗೆದು, ರಗ್ಗನ್ನು ಕುತ್ತಿಗೆಯವರೆಗೂ ಎಳೆದುಕೊಂಡರು.