ಚಾಪೆಯ ಮೇಲೆ ಅರಿಶಿನ

“ಮಕ್ಕಳ ಕಕ್ಕ ಡಬ್ಬಿಗೆ ಹಾಕಿ ಕೊಡ್ಬೇಕಂತೆ ಅತ್ತೆ, ಕಾಲೇಜಿನೋರು ಪರೀಕ್ಷೆ ಮಾಡ್ತಾರಂತೆ!”

ಬಾಯಿಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹುಚ್ಚಕ್ಕನ ಕೈ ಅಲ್ಲೇ ನಿಂತಿತು. ಸೊಸೆ ಕಾವ್ಯಶ್ರೀ ಅಂಗನವಾಡಿಯಿಂದ ಓಡುತ್ತಲೇ ಬಂದಿದ್ದಳು. ಏದುಸಿರಿನ ನಡುವೆ ನಗು ಬೇರೆ. ಅವಳ ಹಿಂದೆಯೇ ಆಶಾ ಕಾರ್ಯಕರ್ತೆ ಚಂದ್ರಕ್ಕ, ಜೊತೆಗೆ ಚಿತ್ರದುರ್ಗದಲ್ಲಿ ಓದುತ್ತಿದ್ದ ಹೊಸದುರ್ಗದ ಹುಡುಗಿ ದೀಪಾ ಬಂದರು.

ಹುಚ್ಚಕ್ಕನಿಗೆ ನಗು ಬರಲಿಲ್ಲ. ಮಗುವಿನ ಕೂದಲು, ಉಗುರು ಇಂಥವು ಗುರುತಿಲ್ಲದವರ ಕೈಗೆ ಸಿಕ್ಕರೆ ಮಾಟ ಮಾಡಿಸುತ್ತಾರೆ ಎಂಬ ಭಯ ಅವಳದು. ಈ ಹುಡುಗಿ ಕೇಳುತ್ತಿರುವುದು ನೋಡಿದರೆ ಅದಕ್ಕಿಂತ ಒಂದು ಕೈ ಮೇಲೆ.

“ನನ್ನ ಮೊಮ್ಮಗಂದು ನಿನಗ್ಯಾಕಮ್ಮ? ನಿಮ್ಮೂರಾಗೆ ಸಿಗಲ್ವಾ?”

“ಸಿಗ್ತೈತೆ ಅಜ್ಜಿ, ಆದ್ರೆ ನಿಮ್ಮ ಹಟ್ಟೀದೇ ಬೇಕು” ಎಂದು ದೀಪಾ ನಕ್ಕು ಜಗಲಿಯ ಮೇಲೆ ಕುಳಿತಳು.

ಕುರಿ ಸಾಕುವವರ ಆ ಹಟ್ಟಿಯಿಂದ ಯಲ್ಲದಕೆರೆಗೆ ಹೋಗುವ ದಾರಿಯಲ್ಲಿ ಮೊದಲು ಒಂದು ಶೆಡ್ಡಿತ್ತು. ಯಾರೋ ಹೊರಗಿನವರು ಅಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಶೆಡ್ಡು ಮುಚ್ಚಿ ವರ್ಷಗಳಾದರೂ ಸುತ್ತಲಿನ ನೆಲದಲ್ಲಿ ಹುಲ್ಲು ಹುಟ್ಟಲಿಲ್ಲ. ಹುಲ್ಲಿಲ್ಲದ ಕಡೆ ಕುರಿ ಹೋಗಲಿಲ್ಲ. ಹಬ್ಬಕ್ಕೆ ಮುಂಚೆ ಅಂಗಳಕ್ಕೆ ಹೊಸ ಮಣ್ಣು ಬಡಿಯುವುದು ಹಟ್ಟಿಯ ಪದ್ಧತಿ. ಅದು ಕುರಿ ತುಳಿಯದ, ಹಿಕ್ಕೆ ಬೀಳದ ಮಡಿ ಮಣ್ಣೇ ಆಗಬೇಕು. ಆ ಬೋಳು ನೆಲಕ್ಕಿಂತ ಮಡಿಯಾದ ಜಾಗ ಎಲ್ಲಿ ಸಿಕ್ಕೀತು? ಹೋದ ಯುಗಾದಿಗೆ ಹುಚ್ಚಕ್ಕನೇ ಮುಂದಾಗಿ ಪುಟ್ಟಿಗಟ್ಟಲೆ ಹೊತ್ತು ತಂದಿದ್ದಳು. ಅಂಗಳ ನುಣ್ಣಗೆ ಹೊಳೆಯುತ್ತಿತ್ತು. ಒಂದೂವರೆ ವರ್ಷದ ಮೊಮ್ಮಗ ಜುಂಜೇಶ್ ಬೆಳಗಾದರೆ ಅಲ್ಲೇ ಹೊರಳುತ್ತಿದ್ದ.

ಅದೇ ಅಂಗಳದ ಮಣ್ಣನ್ನು ದೀಪಾಳ ಕಾಲೇಜಿನವರು ಒಯ್ದು ನೋಡಿದ್ದರು. ಅದರಲ್ಲಿ ಸೀಸ ತೀರಾ ಹೆಚ್ಚಾಗಿತ್ತು. ಸೀಸ ಹೊಟ್ಟೆಗೆ ಹೋದರೆ ಮಕ್ಕಳ ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ, ಬುದ್ಧಿ ಬೆಳೆಯುವುದು ಹಿಂದೆ ಬೀಳುತ್ತದೆ, ಮೇಲೆ ಮಾತ್ರ ಏನೂ ಕಾಣುವುದಿಲ್ಲ ಎಂದು ಚಂದ್ರಕ್ಕ ಬಿಡಿಸಿ ಹೇಳಿದಳು.

“ಮಣ್ಣಾಗೆ ಇದ್ರೆ ಇರ್ಲಿ ಬಿಡು” ಎಂದಳು ಹುಚ್ಚಕ್ಕ. “ಇವ್ನು ಮುದ್ದೆ ತಿಂತಾನೆ, ಮಣ್ಣು ತಿನ್ನಲ್ಲ. ದಿನಾ ಕಾಯೋಳು ನಾನು, ನನಗೆ ಗೊತ್ತಿಲ್ವಾ?”

ಚಂದ್ರಕ್ಕ ವಾದಕ್ಕಿಳಿಯುವಷ್ಟರಲ್ಲಿ ದೀಪಾ ಎದ್ದು ನಿಂತಳು. ಮನೆಯಲ್ಲಿ ಅರಿಶಿನದ ಪುಡಿ ಇದೆಯಾ ಎಂದು ಕಾವ್ಯಶ್ರೀಯನ್ನು ಕೇಳಿದಳು. ಅಂಗಳ ಬೇಡವೆಂದು ಜಗಲಿಯ ಮೇಲೆ ಚಾಪೆ ಹಾಸಿ, ಅದರ ಮೇಲೆ ಅರಿಶಿನವನ್ನು ತೆಳ್ಳಗೆ ಉದುರಿಸಿದಳು. ಜುಂಜೇಶನ ಕೈ ಬಾಯಿ ತೊಳೆಸಿ, ಒಂದು ತೆಂಗಿನ ಚಿಪ್ಪು ಕೊಟ್ಟು ಅಲ್ಲಿ ಆಡಲು ಬಿಟ್ಟಳು. ಅವನು ಅರಿಶಿನ ಬಾಯಿಗೆ ಹಾಕಿಕೊಳ್ಳುತ್ತಾನಾ ಎಂದು ಅಜ್ಜಿ ಕಣ್ಣು ಮಿಟುಕಿಸದೆ ಕಾಯಬೇಕು, ಅಷ್ಟೇ ಪಂದ್ಯ.

ಹುಚ್ಚಕ್ಕ ಪಂದ್ಯಕ್ಕೆ ಹಿಂದೆ ಸರಿಯುವವಳಲ್ಲ. ಪಕ್ಕದಲ್ಲೇ ಕುಳಿತು ಕಾದಳು. ಜುಂಜೇಶ್ ಚಿಪ್ಪು ಉರುಳಿಸಿದ, ಮೂಗು ಉಜ್ಜಿದ, ಅಮ್ಮ ಕೊಟ್ಟ ರೊಟ್ಟಿ ಚೂರು ಬೀಳಿಸಿ ಮತ್ತೆ ಎತ್ತಿಕೊಂಡ. ಅಜ್ಜಿ ಅವನ ಮೂಗು ಒರೆಸಿದಳು, ಅವನು ತಿಂದು ಬಿಟ್ಟ ರೊಟ್ಟಿಯನ್ನು ತಾನು ಬಾಯಿಗೆ ಹಾಕಿಕೊಂಡಳು. ಕೊನೆಗೆ ಗೆದ್ದ ಗತ್ತಿನಲ್ಲಿ ಎಲ್ಲರ ಕಡೆ ತಿರುಗಿದಳು.

“ನೋಡಿದ್ರಾ? ಒಂದು ಚೂರಾದ್ರೂ ತಿಂದ್ನಾ?”

“ಬಾಯಿ ತೆರೆಸಿ ನೋಡಜ್ಜಿ” ಎಂದಳು ದೀಪಾ.

ನಾಲಿಗೆ ಹಳದಿ. ಒಸಡು ಹಳದಿ. ಹೊಸದಾಗಿ ಬಂದ ಹಲ್ಲಿನ ಸಂದಿಯೂ ಹಳದಿ. ಅಷ್ಟರಲ್ಲಿ ಕಾವ್ಯಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅತ್ತೆಯ ತುಟಿಯೂ ಹಳದಿಯಾಗಿತ್ತು.

“ಅರಿಶಿನಕ್ಕೆ ಬಣ್ಣ ಐತೆ, ಅದಕ್ಕೆ ಕಾಣ್ತು” ಎಂದಳು ದೀಪಾ. “ಮಣ್ಣು ಹಿಂಗೇ ಹೋಗ್ತೈತೆ ಅಜ್ಜಿ, ಕಾಣಲ್ಲ ಅಷ್ಟೇ. ಒಂದು ಚಿಟಿಕೇನೂ ಇರಲ್ಲ. ಆದ್ರೆ ದಿನಾ ಹೋಗ್ತೈತಲ್ಲ.”

ಡಬ್ಬಿಯ ಗುಟ್ಟೂ ಆಗ ಬಿಚ್ಚಿಕೊಂಡಿತು. ಮಣ್ಣಿನಲ್ಲಿರುವ ಕೆಲವು ಅಂಶಗಳು ಮೈಗೆ ಹತ್ತುವುದೇ ಇಲ್ಲ, ಹೊಟ್ಟೆಗೆ ಹೋದದ್ದು ಹೆಚ್ಚುಕಡಿಮೆ ಹಾಗೇ ಹೊರಗೆ ಬರುತ್ತದೆ. ಅದನ್ನು ಅಳೆದು, ಊಟದಿಂದ ಬಂದದ್ದನ್ನು ಕಳೆದರೆ, ಮಗು ಎಷ್ಟು ಮಣ್ಣು ನುಂಗಿತು ಎಂಬ ಅಂದಾಜು ಸಿಗುತ್ತದೆ. ಅದಕ್ಕೇ ಮಗು ತಿನ್ನುವ ಊಟದ ಸ್ವಲ್ಪ ಪಾಲೂ ಬೇಕು.

ಪುಸ್ತಕದಲ್ಲಿ ಲೆಕ್ಕವಿಲ್ಲವೇ ಎಂದು ಕಾವ್ಯಶ್ರೀ ಕೇಳಿದಳು. ಇದೆ, ಆದರೆ ಅದು ಹೊರದೇಶದ ಮಕ್ಕಳದು, ಈ ಹಟ್ಟಿಯ ಮಕ್ಕಳ ಲೆಕ್ಕ ಯಾರೂ ಹಾಕಿಲ್ಲ ಎಂದಳು ದೀಪಾ. “ಅವರ ಲೆಕ್ಕ ಹಿಡಿದ್ರೆ, ನಿಮ್ಮ ಅಂಗಳಕ್ಕೆ ಏನೂ ಆಗಿಲ್ಲ, ಮಣ್ಣು ತೆಗೆಯೋದು ಬ್ಯಾಡ ಅಂತ ಸರ್ಕಾರದೋರು ಬರೆದ್ರೂ ಬರೆದಾರು. ನಮ್ಮ ಮಕ್ಕಳು ನೆಲದಾಗೇ ಬೆಳೀತಾರೆ. ಅದನ್ನ ತೋರ್ಸೋಕೆ ನಮ್ಮ ಲೆಕ್ಕಾನೇ ಬೇಕು.”

ಹುಚ್ಚಕ್ಕ ಮೊಮ್ಮಗನನ್ನು ಎದೆಗೆ ಒತ್ತಿಕೊಂಡಳು. “ಆ ಮಣ್ಣು ಹೊತ್ತು ತಂದೋಳು ನಾನೇ ಕಣಮ್ಮ” ಎಂದಳು ಮೆಲ್ಲಗೆ.

“ಇಲ್ಲಿ ಸೀಸ ಐತೆ ಅಂತ ಅಲ್ಲಿ ಒಂದು ಬೋರ್ಡು ಹಾಕಿದ್ದಿದ್ರೆ ನೀವ್ಯಾಕೆ ತರ್ತಿದ್ರಿ?” ಎಂದಳು ಚಂದ್ರಕ್ಕ.

ಹುಚ್ಚಕ್ಕ ಧಡಕ್ಕನೆ ಎದ್ದಳು. “ಇವನೊಬ್ಬಂದೇ ಯಾಕೆ? ಎಲ್ಲಾ ಮನೆಯಾಗೂ ನಾನು ಹೇಳೇ ಆ ಮಣ್ಣು ಬಡ್ದಿರೋದು. ಎಲ್ಲಾ ಮಕ್ಕಳದೂ ತಗಾ.”

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟೇಬಿಟ್ಟಳು. ಪಕ್ಕದ ಮನೆಯ ಚಿತ್ತಮ್ಮನ ಬಾಗಿಲಲ್ಲಿ ಮೊಮ್ಮಗನ ಹಳದಿ ನಾಲಿಗೆ ತೋರಿಸಿದಳು, ನಂಬದವರಿಗೆ ತನ್ನ ತುಟಿಯನ್ನೇ ತೋರಿಸಿದಳು. ನಗುತ್ತಾ ಬಂದ ಹೆಂಗಸರು ತಮ್ಮ ಮಕ್ಕಳ ಕೈ ತಿರುಗಿಸಿ ನೋಡತೊಡಗಿದರು. ಅಂಗಳವನ್ನು ಯಾರೂ ತಾವೇ ಕೆರೆಯಬಾರದು, ದೂಳೆದ್ದರೆ ಇನ್ನೂ ಕೆಟ್ಟದ್ದು ಎಂದು ಚಂದ್ರಕ್ಕ ಹಿಂದೆಯೇ ಕೂಗಿ ಹೇಳಿದಳು.

ತಾಯಂದಿರೇ, ಅಜ್ಜಿಯರೇ, ನಿಮ್ಮೂರಲ್ಲೂ ಬ್ಯಾಟರಿ ಒಡೆದ ಜಾಗ, ಹಳೇ ಗಣಿಯ ಮಣ್ಣಿನ ಗುಡ್ಡೆ ಇರಬಹುದು. ಅಲ್ಲಿಯ ಮಣ್ಣನ್ನು ಮನೆಗೆ ತರಬೇಡಿ. ಮಕ್ಕಳನ್ನು ಚಾಪೆಯ ಮೇಲೆ ಆಡಿಸಿ. ಉಣ್ಣುವ ಮುಂಚೆ ಅವರ ಕೈ ತೊಳೆಸಿ, ನಿಮ್ಮ ಕೈಯನ್ನೂ ತೊಳೆಯಿರಿ. ಗುಡಿಸುವ ಮುಂಚೆ ನೀರು ಚಿಮುಕಿಸಿ. ಅನುಮಾನವಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಮಗುವಿನ ರಕ್ತದಲ್ಲಿ ಸೀಸವಿದೆಯೇ ಎಂದು ಪರೀಕ್ಷೆ ಮಾಡಿಸಲು ಆಸ್ಪತ್ರೆಯಲ್ಲಿ ಕೇಳಿ. ಯಾರಾದರೂ ಡಬ್ಬಿ ಹಿಡಿದು ಬಂದರೆ, ಯಾಕೆ ಏನು ಎಂದು ವಿಚಾರಿಸಿ ತಿಳಿದುಕೊಳ್ಳಿ. ಮನಸ್ಸಿಗೆ ಒಪ್ಪಿದರೆ ನಾಚದೆ ಕೊಡಿ.

ಹುಚ್ಚಕ್ಕನ ಹಟ್ಟಿಯಲ್ಲಂತೂ ಮಾತು ನಿಕ್ಕಿಯಾಗಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಅಂಗನವಾಡಿಯ ಮುಂದೆ, ಮಕ್ಕಳಿರುವ ಮನೆಯವರೆಲ್ಲ ಡಬ್ಬಿ ತೆಗೆದುಕೊಳ್ಳಲು ಸೇರುತ್ತಾರೆ.