ಬರೀ ಅಭ್ಯಾಸ

ಹೊಟ್ಟೆಯ ಸ್ಕ್ಯಾನ್ ಎಂದರೆ ಅವಳೇ ಮಾಡಬೇಕು ಎಂದು ಆಸ್ಪತ್ರೆಯಲ್ಲಿ ಹೆಸರಾಗಿತ್ತು. ರೋಗಿ ಉಸಿರಾಡಿಬಿಟ್ಟರೆ ಚಿತ್ರ ಕಲಸಿಹೋಗುತ್ತದೆ, ಲಿವರಿನ ಒಂದು ಅಂಚು ಎರಡಾಗಿ ಕಾಣುತ್ತದೆ. ಅದಕ್ಕೇ ಅವಳು ಗಾಜಿನಾಚೆಯಿಂದ ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಬೇಡಿ" ಎಂದು ಗದರುವುದು. ಜೊತೆಯವರು ಬೆನ್ನ ಹಿಂದೆ 'ಉಸಿರಮ್ಮ' ಎನ್ನುತ್ತಿದ್ದರು. ಹಟಮಾರಿ ಮಕ್ಕಳೂ ಆ ದನಿಗೆ ಮಣಿಯುತ್ತಿದ್ದರು. ಮಣಿಯದವನು ಒಬ್ಬನೇ, ಕಟ್ಟಿಕೊಂಡ ಗಂಡ.

ಹೊಟ್ಟೆನೋವೆಂದು ನರಳುತ್ತಿದ್ದವನನ್ನು ಅವಳೇ ಎಳೆತಂದು ಸ್ಕ್ಯಾನ್ ಯಂತ್ರದ ಮೇಜಿನ ಮೇಲೆ ಮಲಗಿಸಿದ್ದಳು. ಏನಾಗಿದೆಯೆಂದು ಗೊತ್ತಾಗುವವರೆಗೆ ಅವಳು ಬಿಡುವಂತಿರಲಿಲ್ಲ. ಮೊದಲ ಸಲ ಚಿತ್ರ ಕಲಸಿತು. "ಅಯ್ಯೋ, ನಿಮ್ಮ ಪುಕ್ಕಲುತನವೇ" ಎಂದು ನಕ್ಕಳು. ಎರಡನೆಯ ಸಲವೂ ಅದೇ ರಾಗ, ಅದೇ ಹಾಡು. ಆದರೆ ಈ ಸಲ ಅವಳು ಗಾಜಿನಾಚೆಯಿಂದ ಅವನ ಹೊಟ್ಟೆಯನ್ನೇ ನೋಡುತ್ತಿದ್ದಳು. ಮೇಜು ಯಂತ್ರದೊಳಗೆ ಜರುಗತೊಡಗಿದ್ದೇ ತಡ, ಹೊಟ್ಟೆ ಬೇಕೆಂದೇ ಏರಿಳಿಯಿತು. ಒಂದೇ ಉಸಿರಿಗೆ ಈಜುಕೊಳದ ಆ ತುದಿ ಮುಟ್ಟುವ ಮನುಷ್ಯ! ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಹೊಳೆಯಿತು.

ರೋಗಿಯ ಮೈಗೆ ಮತ್ತೆ ಮತ್ತೆ ಎಕ್ಸ್-ರೇ ಕಿರಣ ಹಾಯಿಸುವುದು ಅವಳಿಗೆ ಆಗದ ಕೆಲಸ. ಆದರೂ ಮೈಕು ಹಿಡಿದಳು.

"ಇದು ಬರೀ ಅಭ್ಯಾಸ ರೀ. ಮೇಜು ಜರುಗುತ್ತೆ ಅಷ್ಟೇ, ಚಿತ್ರ ತೆಗೆಯಲ್ಲ. ಉಸಿರು ಹಿಡೀರಿ, ನೋಡೋಣ."

ಅಭ್ಯಾಸವೆಂದ ಮೇಲೆ ಅವನು ಜಾಣಮರಿಯಂತೆ ಹಿಡಿದ. ಅವಳು ಗುಂಡಿ ಒತ್ತಿದಳು.

ಚಿತ್ರ ಕನ್ನಡಿಯಂತೆ ಬಂತು. ಪಿತ್ತನಾಳದಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಕೊಳವೆ. ಅದರ ಪಕ್ಕ ಕ್ಯಾನ್ಸರಿನ ಗಡ್ಡೆ, ಲಿವರಿನ ತುಂಬ ಅದು ಹರಡಿದ ಚುಕ್ಕೆ. ಗಡ್ಡೆ ತಾನಾಗಿ ಬೆಳೆದೀತು, ಕೊಳವೆ ಬೆಳೆಯುತ್ತದೆಯೇ? ಕಟ್ಟಿಕೊಂಡ ಪಿತ್ತ ಹರಿಯಲೆಂದು ಯಾವುದೋ ಬೇರೆ ಆಸ್ಪತ್ರೆಯಲ್ಲಿ ಅದನ್ನು ಇಟ್ಟಿದ್ದರು. ಬೇಸಿಗೆಯಲ್ಲಿ ಕಾಮಾಲೆಯಾದಾಗ ಅವನು ವಿಶ್ರಾಂತಿಗೆಂದು ಅವಳ ಅಕ್ಕನ ಮನೆಗೆ ಹೋಗಿದ್ದ. "ಪಥ್ಯದಲ್ಲಿದಾರೆ, ಗುಣ ಆಗ್ತಿದಾರೆ, ನೀನು ರಜ ಹಾಕ್ಬೇಡ ಕಣೇ" ಎಂದು ಅಕ್ಕ ದಿನವೂ ಫೋನು ಮಾಡುತ್ತಿದ್ದಳು. ತಾಯಿ ಸತ್ತ ಮೇಲೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದ ಅಕ್ಕ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಅವಳ ಮುಖ ನೋಡುತ್ತಲೇ ಅವನಿಗೆ ತಿಳಿಯಿತು.

"ಅಭ್ಯಾಸ ಅಂತ ಸುಳ್ಳು ಹೇಳಿದೆಯಲ್ಲೇ."

"ಸುಳ್ಳಿನ ಮಾತು ನೀವು ಆಡ್ಬೇಡಿ. ಅಕ್ಕನಿಗೆ ಎಲ್ಲಾ ಗೊತ್ತಿತ್ತು ಅಲ್ವಾ?"

"ಆಣೆ ಹಾಕಿಸ್ಕೊಂಡಿದ್ದೆ. ಅವರದ್ದೇನೂ ತಪ್ಪಿಲ್ಲ. ಗೊತ್ತಾದ್ರೆ ದಿನಾ ಅಳ್ತಾ ಕೂರ್ತೀಯ. ಆದಷ್ಟು ದಿನ ನಗ್ತಾ ಇರ್ಲಿ ಅಂತ..."

"ಡಾಕ್ಟ್ರು ಏನಂದಿದ್ರು?"

"ಈ ವರ್ಷ ಕಳೆಯೋದು ಕಷ್ಟ ಅಂದ್ರು."

ವರ್ಷ ಆಗಲೇ ಮುಕ್ಕಾಲು ಸವೆದಿತ್ತು. ಬೇಸಿಗೆಯಿಂದ ಇಲ್ಲಿಯವರೆಗೆ ಅವಳು ಎರಡೆರಡು ಪಾಳಿ ದುಡಿದಿದ್ದಳು, ಕಂಡವರ ಹೊಟ್ಟೆ ನೋಡುತ್ತ ಕೂತಿದ್ದಳು. "ಹೋಗ್ಬಾ, ನಂಗೇನಾಗಿದೆ" ಎಂದು ಬಾಗಿಲವರೆಗೂ ಬಂದು ಕಳಿಸುತ್ತಿದ್ದವನು ಇವನೇ.

ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ.

"ಕಾಯಿಲೆ ನಿಮ್ಮದು, ಮುಚ್ಚಿಟ್ರಿ, ಹೋಗ್ಲಿ ಬಿಡಿ. ಆದ್ರೆ ಆ ದಿನಗಳು ನಂದೂ ಆಗಿದ್ವಲ್ರೀ. ಅವನ್ನ ಯಾರನ್ನ ಕೇಳಿ ಕಳೆದ್ರಿ?"