ಟ್ರೆಂಟ್ ಹೆಸರಿಗೆ ಬಿದ್ದ ಒಂದು ವೋಟು

೧

ಎಲ್ಲಿಂದ ಶುರು ಮಾಡಲಿ? ಮನುಷ್ಯರಿಂದ ಶುರು ಮಾಡಿದರೆ ಇವನು ಯಾವ ಪಕ್ಷ, ಅವನು ಯಾವ ಪಕ್ಷ ಎಂದು ಮೊದಲ ಸಾಲಿಗೇ ಕೇಳುತ್ತೀರಿ. ಹೇಳಿದೆನೋ, ಅರ್ಧ ಜನ ಎದ್ದು ಹೋಗುತ್ತೀರಿ. ಅದಕ್ಕೇ ಯಂತ್ರದಿಂದ ಶುರು ಮಾಡುತ್ತೇನೆ. ಯಂತ್ರಕ್ಕೆ ಪಕ್ಷವಿಲ್ಲ.

(ಇದು ಸುಳ್ಳು. ನಮ್ಮ ಕಡೆ ಹಸಿರು ಟ್ರಾಕ್ಟರಿನವರು ಕೆಂಪು ಟ್ರಾಕ್ಟರಿನವರ ಮನೆಗೆ ಹೆಣ್ಣು ಕೊಡಲು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ. ಇರಲಿ.)

ವಿಸ್ಕಾನ್ಸಿನ್ ರಾಜ್ಯದ ಟಾರ್ಸನ್ ಕಣಿವೆಯಲ್ಲಿ ಒಂದು ಕಂಬೈನ್ ಇದೆ. ಮೆಕ್ಕೆಜೋಳ ಕೊಯ್ಯುವ ಯಂತ್ರ. ಹತ್ತೊಂಬತ್ತು ವರ್ಷದ ಹಿಂದೆ ಇಬ್ಬರು ಸೇರಿ ತಂದದ್ದು. ಅದರ ಮೈ ಲಿರಾಯ್ ದ್ವೊರಾಕನ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲುತ್ತದೆ. ಮುಂದೆ ತಗಲಿಸುವ ಆರು ಸಾಲಿನ ಮೂತಿ ಆರ್ಲನ್ ಸ್ಕಾರನ ಶೆಡ್ಡಿನಲ್ಲಿ. ಎರಡನ್ನೂ ಒಂದೇ ಕಡೆ ಇಡುವಷ್ಟು ಜಾಗ ಯಾರಲ್ಲೂ ಇಲ್ಲ. ಹಾಗಾಗಿ ಒಬ್ಬನ ಹತ್ತಿರ ಹೊಟ್ಟೆ, ಇನ್ನೊಬ್ಬನ ಹತ್ತಿರ ಬಾಯಿ. ಇಬ್ಬರೂ ಮಾತಾಡಿಕೊಳ್ಳದೆ ಒಂದು ತೆನೆಯೂ ಮನೆಗೆ ಬರುವುದಿಲ್ಲ.

ಈಗ ಅಕ್ಟೋಬರ್ ಕೊನೆ. ಜೋಳ ಒಣಗಿ ಗರಗರ ಎನ್ನುತ್ತಿದೆ. ಇಬ್ಬರೂ ಮಾತಾಡಿ ಹತ್ತು ವಾರವಾಯಿತು.

ಚೆನ್ನಾಗಿ ಶುರುವಾಯಿತು ಎಂದುಕೊಂಡೆ. ಅಷ್ಟರಲ್ಲಿ ಲಿರಾಯ್ ಬಂದ.

"ಏನಯ್ಯಾ, ನನಗಿಂತ ಮುಂಚೆ ನನ್ನ ಯಂತ್ರ ಬಂತಲ್ಲ ನಿನ್ನ ಕಥೇಲಿ?"

೧ (ಮತ್ತೆ)

ಸರಿ, ಮನುಷ್ಯರು. ಲಿರಾಯ್‌ಗೆ ಅರವತ್ತೆಂಟು ವರ್ಷ, ನಲವತ್ತೆರಡು ಹಸು. ಅವನ ಹೆಂಡತಿ ಬರ್ನೀಸ್. ಬರ್ನೀಸಳ ತಮ್ಮ ಆರ್ಲನ್. ಅವನಿಗೆ ಹಂದಿ ಸಾಕಣೆ, ರಸ್ತೆಯ ಆಚೆ ಬದಿಗೆ. ಎರಡು ಹೊಲಗಳ ನಡುವೆ ಆರು ಎಕರೆ ಬರ್ನೀಸಳದೇ, ಅವಳ ಅಪ್ಪ ಅವಳ ಹೆಸರಿಗೆ ಬರೆದದ್ದು. ನಾನು ಮೂವತ್ತು ವರ್ಷ ಈ ಕಣಿವೆಯಲ್ಲಿ ಹಾಲಿನ ಲಾರಿ ಓಡಿಸಿದವನು. ಜೋಳ ಒಣಗುವ ವೇಗದಲ್ಲೇ ನನ್ನ ಕಥೆಯೂ ನಡೆಯುತ್ತದೆ. ಓಡಲು ಹೇಳಬೇಡಿ.

ಜಗಳ ಆದದ್ದು ಆಗಸ್ಟಿನಲ್ಲಿ. ಆರ್ಲನ್ ತನ್ನ ಹೊಲದ ಅಂಚಿಗೆ ಆನೆ ಗುರುತಿನ ಪಕ್ಷದ ಅಭ್ಯರ್ಥಿಯ ಫಲಕ ನೆಟ್ಟ. ಮಾರನೆಯ ದಿನ ಲಿರಾಯ್ ಎದುರು ಅಂಚಿಗೆ ಕತ್ತೆ ಗುರುತಿನ ಪಕ್ಷದ್ದು ನೆಟ್ಟ, ಅದಕ್ಕಿಂತ ಒಂದು ಮೊಳ ಎತ್ತರಕ್ಕೆ. ಆ ಭಾನುವಾರ ಬರ್ನೀಸಳ ಮನೆಯಲ್ಲಿ ಊಟ. ಬೇಯಿಸಿದ ಎಳೆ ಜೋಳದ ತೆನೆ ಕೈಯಲ್ಲಿ ಹಿಡಿದುಕೊಂಡೇ ಆರ್ಲನ್ ಅಂದ:

"ಭಾವ, ನಿನ್ನಂಥೋರು ಚುನಾವಣೆ ದಿನ ಹಾಸಿಗೆ ಬಿಟ್ಟು ಏಳದೇ ಇದ್ರೆ ದೇಶಕ್ಕೆ ದೊಡ್ಡ ಉಪಕಾರ."

ಲಿರಾಯ್ ತೆನೆ ಕೆಳಗಿಟ್ಟ. "ಹಾಗಾದ್ರೆ ನನ್ನ ಶೆಡ್ ಬಾಗಿಲಿಗೂ ನೀನು ಬರೋ ಉಪಕಾರ ಮಾಡಬೇಡ."

"ಬರಲ್ಲ ಬಿಡು. ಮೂತಿ ನನ್ನ ಹತ್ರ ಇದೆ. ನೀನು ಹಲ್ಲಲ್ಲಿ ಕೊಯ್ಕೋ."

ಅಲ್ಲಿಗೆ ಮಾತು ನಿಂತಿತು.

(ಇಷ್ಟೇನಾ ಎಂದು ಕೇಳುತ್ತೀರಿ. ಇಷ್ಟೇ. ನಿಮ್ಮ ಊರಲ್ಲಿ ಇದಕ್ಕಿಂತ ದೊಡ್ಡ ಕಾರಣಕ್ಕೆ ಮಾತು ಬಿಟ್ಟವರಿದ್ದರೆ ಆ ಕಥೆ ನೀವು ಬರೆಯಿರಿ.)

೨

ಚುನಾವಣೆಗೆ ಐದು ದಿನ ಇರುವಾಗ ರೇಡಿಯೋದಲ್ಲಿ ಹಿಮದ ಸುದ್ದಿ ಬಂತು. ಚುನಾವಣೆ ಮಂಗಳವಾರ, ಹಿಮ ಗುರುವಾರ. ನಿಂತ ಜೋಳದ ಮೇಲೆ ಹಿಮ ಕೂತರೆ ದಂಟು ಮುರಿಯುತ್ತದೆ, ತೆನೆ ಮಣ್ಣಿಗೆ ಬೀಳುತ್ತದೆ, ಚಳಿಗಾಲವಿಡೀ ಹಸುವಿಗೂ ಇಲ್ಲ, ಹಂದಿಗೂ ಇಲ್ಲ.

ಬರ್ನೀಸ್ ತಮ್ಮನಿಗೆ ಫೋನ್ ಮಾಡಿ, ಸೇಬಿನ ಪೈ ಮಾಡಿದ್ದೇನೆ ಬಾ ಎಂದಳು. ಲಿರಾಯ್ ಮನೆಯಲ್ಲಿಲ್ಲ ಎಂದೂ ಹೇಳಿದಳು. ಲಿರಾಯ್ ಮೇಜಿನ ಮುಂದೆಯೇ ಕೂತಿದ್ದ.

ಆರ್ಲನ್ ಬಾಗಿಲಲ್ಲೇ ನಿಂತ. "ಅಕ್ಕ, ನೀನೂ ಸುಳ್ಳು ಹೇಳೋದು ಕಲಿತ್ಯಾ?"

"ನಿಮ್ಮಿಬ್ರ ನಡುವೆ ಇದ್ದು ಏನೇನೋ ಕಲಿತೆ. ಕೂತ್ಕೋ. ನಿನ್ನ ವೋಟು ಆನೆಗೆ, ಇವನದು ಕತ್ತೆಗೆ. ಒಂದರಲ್ಲಿ ಒಂದು ಕಳೆದ್ರೆ ಎಷ್ಟು?"

ಇಬ್ಬರೂ ಪೈ ನೋಡಿದರು.

"ಸೊನ್ನೆ. ಆ ಸೊನ್ನೆಗೋಸ್ಕರ ಜೋಳ ಕೊಳೀಬೇಕಾ? ಇಬ್ರೂ ಟ್ರೆಂಟ್‌ಗೆ ಹಾಕಿ."

ಹೋಲಿಸ್ ಟ್ರೆಂಟ್ ಎಂದರೆ ಮೊಂಟಾನಾ ರಾಜ್ಯದ ದನದ ಡಾಕ್ಟರು. ಯಾವ ಪಕ್ಷವೂ ಇಲ್ಲದೆ ಅಧ್ಯಕ್ಷ ಪದವಿಗೆ ನಿಂತಿದ್ದ. ಸಹಿ ಕೂಡಿಸಿ ಕೂಡಿಸಿ ನಮ್ಮ ರಾಜ್ಯದ ಮತಪತ್ರದಲ್ಲಿ ಹೇಗೋ ಹೆಸರು ಹಾಕಿಸಿಕೊಂಡಿದ್ದ. ಅವನ ಕರಪತ್ರ ಜುಲೈನಿಂದಲೇ ಬರ್ನೀಸಳ ಫ್ರಿಜ್ಜಿನ ಮೇಲೆ ಅಂಟಿಕೊಂಡಿತ್ತು. ಮನೆಗೆ ಬಂದವರೆಲ್ಲ ಅದನ್ನು ಕಿರಾಣಿ ಅಂಗಡಿಯ ರಿಯಾಯಿತಿ ಚೀಟಿ ಎಂದುಕೊಂಡಿದ್ದರು.

"ಅವನಿಗೆ ಹಾಕೋದೂ ಒಂದೇ, ಮನೇಲಿ ಕೂರೋದೂ ಒಂದೇ," ಎಂದ ಲಿರಾಯ್. "ನಮ್ಮ ರಾಜ್ಯ ಕೂದಲೆಳೆ ಮೇಲೆ ನಿಂತಿದೆ ಕಣೇ. ನನ್ನಂಥೋನು ಒಬ್ಬ ಆ ಕಡೆ ಸರಿದ್ರೆ ಸಾಕು, ಇವನ ಆನೆ ನಾಲ್ಕು ವರ್ಷ ನಮ್ಮನ್ನ ತುಳಿಯುತ್ತೆ."

"ನಾನು ಸರಿದ್ರೆ ನಿನ್ನ ಕತ್ತೆ ಒದೆಯುತ್ತೆ," ಎಂದ ಆರ್ಲನ್. ಹತ್ತು ವಾರದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. "ಟ್ರೆಂಟ್ ಆಡೋ ಮಾತು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಗೆಲ್ಲಲ್ವಲ್ಲ ಅಕ್ಕ."

"ಗೆಲ್ಲಲ್ಲ ಅಂತ ಯಾರೂ ಹಾಕಲ್ಲ. ಯಾರೂ ಹಾಕಲ್ಲ ಅಂತ ಅವನು ಗೆಲ್ಲಲ್ಲ. ಕಡಿಮೆ ಕೆಟ್ಟವನು ಯಾರು ಅಂತ ಹುಡುಕಿ ಹುಡುಕಿ ನಲವತ್ತು ವರ್ಷ ಹಾಕಿದ್ರಿ. ಕೆಟ್ಟದ್ದು ಕಡಿಮೆ ಆಯ್ತಾ?"

"ಅಂತ ಹೇಳಿ ನಾನೊಬ್ಬನೇ ಹಳ್ಳಕ್ಕೆ ಹಾರಲಾ?" ಎಂದ ಲಿರಾಯ್.

"ಒಬ್ಬನೇ ಯಾಕೆ, ಇಬ್ರೂ ಹಾರಿ. ಗಾಡಿ ಎರಡೂ ಕಡೆಯಿಂದ ಒಂದೊಂದು ಮೂಟೆ ಇಳಿಸಿದ್ರೆ ಗಾಡಿ ವಾಲುತ್ತಾ?"

ಆರ್ಲನ್ ಫೋರ್ಕಿನಿಂದ ಭಾವನ ಕಡೆ ತೋರಿಸಿದ. "ಇವನು ಮತಗಟ್ಟೆ ಪರದೆ ಹಿಂದೆ ಹೋಗಿ ತನ್ನ ಮೂಟೆ ಇಳಿಸದೇ ಬಂದ್ರೆ?"

"ಇವನು ಅಂದ್ರೆ ಯಾರು? ನಮ್ಮಪ್ಪ ಸತ್ತ ವಾರ ನಿನ್ನ ಹಂದಿಗೆಲ್ಲ ಮೇವು ಹಾಕಿದೋನು."

ಆರ್ಲನ್ ಫೋರ್ಕು ಕೆಳಗಿಟ್ಟ. ಆಮೇಲೆ ಇಬ್ಬರೂ ಕೈ ಕುಲುಕಿದರು. ಟ್ರೆಂಟ್‌ಗೆ ಎರಡು ವೋಟು. ಬುಧವಾರ ಬೆಳಿಗ್ಗೆ ಹೊಟ್ಟೆಗೆ ಬಾಯಿ ಜೋಡಣೆ. ಇದು ಕರಾರು.

೪

ಮೂರು ಎಲ್ಲಿ ಎನ್ನುತ್ತೀರಾ? ಮೂರರಲ್ಲಿ ನಾನು ನಾಲ್ಕು ಪ್ಯಾರಾ ಬರೆದಿದ್ದೆ. ಮೂರನೆಯವನಿಗೆ ಹಾಕುವುದು ಸರಿಯೇ, ತಪ್ಪೇ ಎಂದು ತೂಗಿದ್ದೆ. ಎರಡು ಪ್ಯಾರಾ ಸರಿ ಎಂದವು, ಎರಡು ತಪ್ಪು ಎಂದವು. ಬರ್ನೀಸಳ ಲೆಕ್ಕದಂತೆ ಕಳೆದು ನೋಡಿದೆ. ಹರಿದು ಒಲೆಗೆ ಹಾಕಿದೆ.

ಮಂಗಳವಾರ. ನಮ್ಮ ಮತಗಟ್ಟೆ ಎಂದರೆ ಊರಿನ ಹಳೆಯ ಸಭಾಮಂದಿರ. ಒಂದು ಕಟ್ಟಿಗೆ ಒಲೆ, ಕಾಫಿಯ ದೊಡ್ಡ ಪಾತ್ರೆ, ಮೂರು ಮರದ ಗೂಡು, ಪ್ರತಿ ಗೂಡಿಗೂ ಹೂವಿನ ಪರದೆ. ಆ ಪರದೆಗಳನ್ನು ಹೊಲಿದವಳು ಬರ್ನೀಸ್. ಇಪ್ಪತ್ತಾರು ವರ್ಷದಿಂದ ಮತದಾರರ ಪುಸ್ತಕ ಹಿಡಿದು ಮೊದಲ ಮೇಜಿನಲ್ಲಿ ಕೂರುವವಳೂ ಅವಳೇ. ಅಲ್ಲಿ ಕೂತಾಗ ಅವಳು ಯಾರ ಅಕ್ಕನೂ ಅಲ್ಲ.

"ಹೆಸರು, ವಿಳಾಸ."

"ಅಕ್ಕ, ನನಗೆ ಹೆಸರಿಟ್ಟೋಳೇ ನೀನು," ಎಂದ ಆರ್ಲನ್.

"ಹೆಸರು."

"ಆರ್ಲನ್ ಸ್ಕಾರ್."

"ಗುರುತಿನ ಚೀಟಿ."

ತೋರಿಸಿದ. ಮತಪತ್ರ ತೆಗೆದುಕೊಂಡು ಪರದೆ ಎಳೆದುಕೊಂಡ. ನಾನು ಇಲ್ಲೇ ನಿಂತೆ.

ಒಳಗಿನಿಂದ ಅವನು ಪಿಸುಗುಟ್ಟಿದ: "ಬಾರಯ್ಯಾ ಒಳಗೆ. ಕಥೆ ಬರೆಯೋನಿಗೆ ಪರದೆ ಏನು ಲೆಕ್ಕ?"

"ಬರೋ ಹಾಗಿಲ್ಲ. ನಿನ್ನಕ್ಕ ನೋಡ್ತಿದ್ದಾಳೆ."

ನಾನು ಹೊರಗಿನಿಂದ ಕಂಡದ್ದನ್ನಷ್ಟೇ ಹೇಳಬಲ್ಲೆ. ಪರದೆಯ ಕೆಳಗೆ ಎರಡು ಬೂಟು. ಎಡ ಬೂಟು ಬಲ ಬೂಟನ್ನು ತುಳಿಯಿತು. ನಾಲ್ಕು ನಿಮಿಷ. ಮಧ್ಯಾಹ್ನ ಹಾಲು ಕಳಿಸಿ ಲಿರಾಯ್ ಬಂದ. ಅವನಿಗೆ ಆರು ನಿಮಿಷ. ಹೊರಬಂದಾಗ ಇಬ್ಬರೂ ಬರ್ನೀಸಳ ಮುಖ ನೋಡದೆ ಕಾಫಿಯ ಕಡೆ ನಡೆದರು.

ರಾತ್ರಿ ಎಂಟು ಗಂಟೆಗೆ ಬಾಗಿಲು ಮುಚ್ಚಿ ಕೈಯಲ್ಲೇ ಎಣಿಸಿದರು. ಎಣಿಕೆಯ ಹಾಳೆ ಬಾಗಿಲಿಗೆ ಅಂಟಿತು. ಈಗ ನಾನು ಒಂದು ಸಂಖ್ಯೆ ಬರೆಯಬೇಕು.

ಮೊದಲ ಕರಡು: ಟ್ರೆಂಟ್, ೨. ಬೆಳಿಗ್ಗೆ ಹಾಳೆ ನೋಡಿ ಭಾವ ಮೈದುನ ತಬ್ಬಿಕೊಂಡರು.

ಲಿರಾಯ್ ಓದಿ ಮೂಗು ಉಜ್ಜಿಕೊಂಡ. "ನಮ್ಮ ಕಡೆ ಗಂಡಸರು ತಬ್ಬಿಕೊಂಡದ್ದು ನೀನು ಯಾವತ್ತು ನೋಡಿದ್ದೀಯ?"

ಎರಡನೆಯ ಕರಡು: ಟ್ರೆಂಟ್, ೦. ಇಬ್ಬರೂ ಮಾತು ತಪ್ಪಿದ್ದರು. ಹಾಳೆ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ನಗು ಬರಲ್ಲ," ಎಂದ ಆರ್ಲನ್. "ಸೊನ್ನೆ ಅಂದ್ರೆ ಅವನು ಕಳ್ಳ ಅಂತ ನನಗೆ ಗೊತ್ತಾಯ್ತು, ನಾನು ಕಳ್ಳ ಅಂತ ಅವನಿಗೆ ಗೊತ್ತಾಯ್ತು. ಆಮೇಲೆ ಸಾಯೋವರೆಗೂ ಮುಖ ನೋಡಲ್ಲ. ಜೋಳ ಹಾಗೇ ನಿಲ್ಲುತ್ತೆ. ಹೊಡಿ ಕಾಟು."

ಬರ್ನೀಸ್ ಕಾಫಿ ಪಾತ್ರೆ ತೊಳೆಯುತ್ತಿದ್ದಳು. "ನೀನ್ಯಾಕೆ ಹೆಣಗ್ತೀಯ? ಬಾಗಿಲಿಗೆ ಅಂಟಿಸಿರೋದನ್ನ ಬರಿ. ಎಣಿಸಿದೋಳು ನಾನು."

ಬರೆದೆ. ಆನೆ ೯೬. ಕತ್ತೆ ೮೮. ಟ್ರೆಂಟ್ ೧.

೫

ಬುಧವಾರ ಬೆಳಿಗ್ಗೆ ಏಳಕ್ಕೆ ನಾನು ಸಭಾಮಂದಿರದ ಎದುರು ಗಾಡಿಯಲ್ಲಿ ಕೂತಿದ್ದೆ. ಒಂದು ಎಂದ ಮೇಲೆ ಒಬ್ಬ ಮಾತು ಉಳಿಸಿಕೊಂಡಿದ್ದಾನೆ, ಒಬ್ಬ ತಪ್ಪಿದ್ದಾನೆ. ಉಳಿಸಿಕೊಂಡವನು ಕೂಗಾಡುತ್ತಾನೆ, ತಪ್ಪಿದವನು ತಲೆ ತಗ್ಗಿಸುತ್ತಾನೆ. ಅಷ್ಟು ನೋಡಿದರೆ ನನ್ನ ಕಥೆ ಮುಗಿಯಿತು.

ಲಿರಾಯ್ ಬಂದ. ಹಾಳೆ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅಷ್ಟರಲ್ಲಿ ಆರ್ಲನ್ ಬಂದು ಪಕ್ಕ ನಿಂತ.

"ಒಂದು," ಎಂದ ಆರ್ಲನ್.

"ಹೂಂ. ಒಂದು."

ಯಾರೂ ಕೂಗಾಡಲಿಲ್ಲ. ಇಬ್ಬರೂ ತಲೆ ತಗ್ಗಿಸಿದರು.

"ಚಳಿ ಜಾಸ್ತಿ ಆಯ್ತು."

"ನಾಳೆ ಹಿಮ ಅಂತೆ."

ಇಬ್ಬರೂ ತಂತಮ್ಮ ಗಾಡಿ ಹತ್ತಿ ಹೋದರು. ನನ್ನ ಲೆಕ್ಕ ಎಲ್ಲೋ ತಪ್ಪಿತ್ತು. ನಾನೂ ಹಿಂದೆಯೇ ಹೋಗಿ ಬರ್ನೀಸಳ ಆರು ಎಕರೆಯ ಬಳಿ ಗಾಡಿ ನಿಲ್ಲಿಸಿದೆ.

ಒಂದು ಗಂಟೆ ಕಳೆದಿರಬೇಕು. ಲಿರಾಯ್ ಶೆಡ್ಡಿನ ಬಾಗಿಲು ತೆರೆಯಿತು. ಮೂತಿಯಿಲ್ಲದ ಕಂಬೈನ್ ರಸ್ತೆಗಿಳಿದು ಆರ್ಲನ್ ಮನೆಯ ಕಡೆ ಹೊರಟಿತು. ಅದೇ ಹೊತ್ತಿಗೆ ಆರ್ಲನ್, ಟ್ರಾಕ್ಟರಿನ ಹಿಂದೆ ಮೂತಿ ಕಟ್ಟಿಕೊಂಡು, ಲಿರಾಯ್ ಮನೆಯ ಕಡೆ ಹೊರಟಿದ್ದ. ಬರ್ನೀಸಳ ಆರು ಎಕರೆಯ ಮುಂದೆ ಎದುರುಬದುರಾಗಿ ನಿಂತರು. ರಸ್ತೆ ಪೂರಾ ಕಟ್ಟಿತು.

"ನಿನ್ನಲ್ಲಿಗೇ ಹೊರಟಿದ್ದೆ," ಎಂದ ಲಿರಾಯ್ ಇಳಿಯುತ್ತ. "ಮೊದಲು ನಿಂದು ಕೊಯ್ಯೋಣ."

"ಬೇಡ ಭಾವ. ಮೊದಲು ನಿಂದು."

"ಹಟ ಮಾಡಬೇಡ ಕಣೋ. ಮಾತು ಉಳಿಸ್ಕೊಂಡೋನದು ಮೊದಲು ಆಗಬೇಕು."

"ಅದನ್ನೇ ನಾನೂ ಹೇಳ್ತಿರೋದು. ಮಾತು ಉಳಿಸ್ಕೊಂಡೋನದು ಮೊದಲು. ಅದಕ್ಕೇ ನಿಂದು."

ಲಿರಾಯ್ ಬಾಯಿ ತೆರೆದ. ಆರ್ಲನ್ ಕೂಡ ತೆರೆದ. ಇಬ್ಬರೂ ಮುಚ್ಚಿಕೊಂಡರು. ಆರ್ಲನ್ ಕೆಳಗೆ ಕೂತು ಟಯರಿನ ಗಾಳಿ ಪರೀಕ್ಷಿಸುವವನಂತೆ ಅದನ್ನು ತಟ್ಟತೊಡಗಿದ. ಚೆನ್ನಾಗಿಯೇ ಇದ್ದ ಟಯರು.

(ಓದುಗರೇ, ನನ್ನನ್ನು ನೋಡಬೇಡಿ. ವೋಟು ಒಂದು. ಅದು ನನ್ನದಲ್ಲ, ನಿನ್ನದು ಎನ್ನುವವರು ಇಬ್ಬರು.)

ಆಗ ಅಂಗಳದಿಂದ ಕೋಟು ತೊಡುತ್ತ ಬರ್ನೀಸ್ ಬಂದಳು. ಅವಳು ರಸ್ತೆ ದಾಟುವಾಗ ನನಗೆ ಹೊಳೆಯಿತು: ಆಗಸ್ಟಿನಿಂದ ಇಲ್ಲಿಯವರೆಗೆ ಇಷ್ಟು ಬರೆದಿದ್ದೇನೆ, ನೀನು ಯಾರಿಗೆ ಹಾಕುತ್ತೀ ಎಂದು ಅವಳನ್ನು ಒಬ್ಬರೂ ಕೇಳಿಲ್ಲ. ಗಂಡ ಕೇಳಲಿಲ್ಲ, ತಮ್ಮ ಕೇಳಲಿಲ್ಲ. ಬರೆಯುವವನು ನಾನಾದರೂ ಕೇಳಬೇಕಿತ್ತು.

ಗಾಡಿಯ ಗಾಜು ಇಳಿಸಿದೆ. "ಬರ್ನೀಸ್, ನೀನು ಯಾರಿಗೆ ಹಾಕಿದೆ?"

"ಈಗ ಕೇಳ್ತೀಯಾ? ಮತಗಟ್ಟೆ ನಿನ್ನೆ ಎಂಟಕ್ಕೇ ಮುಚ್ಚಿತು."

"ಟ್ರೆಂಟ್ ಗೆಲ್ಲಲ್ಲ ಅಂತ ನಿನಗೂ ಗೊತ್ತಿತ್ತಲ್ಲ?"

"ಗೆಲ್ಲೋ ಕುದುರೆ ಹೇಳೋಕೆ ನಾನೇನು ಜೂಜಿಗೆ ಹೋಗಿದ್ನಾ? ಯಾರು ಬೇಕು ಅಂತ ಕೇಳಿದ್ರು. ಹೇಳಿ ಬಂದೆ." ಹೇಳಿದ್ದು ಯಾರ ಹೆಸರು ಎನ್ನಲಿಲ್ಲ. ಗಂಡನ ಕಡೆ ತಿರುಗಿದಳು. "ಮುಗೀತಾ ನಿಮ್ಮ ಉಪಚಾರ? ಹತ್ತೊಂಬತ್ತು ವರ್ಷದಿಂದ ನನ್ನ ಆರು ಎಕರೆ ಕೊನೇಲೇ ಕೊಯ್ದಿದ್ದೀರಿ. ಯಾವಾಗ ಕೊಯ್ಯಬೇಕು ಅಂತ ಒಂದು ಸಲ ಕೇಳಿದ್ದೀರಾ? ಸುಮ್ಮನೆ ಮೂತಿ ಜೋಡಿಸಿ."

ಜೋಡಿಸಿದರು. ಇಬ್ಬರು ಬೇಕಾಗುವ ಕೆಲಸ ಅದು, ಮಾತು ಬೇಕಾಗುವುದಿಲ್ಲ. ಕೊನೆಯ ಪಿನ್ನು ಕೂತಾಗ ಲಿರಾಯ್ ಅಭ್ಯಾಸಬಲದಿಂದ ಏಣಿಯ ಕಡೆ ಹೆಜ್ಜೆ ಹಾಕಿದ. ಬರ್ನೀಸ್ ಆಗಲೇ ಮೇಲೆ ಹತ್ತಿ ಚಕ್ರದ ಹಿಂದೆ ಕೂತಿದ್ದಳು. ಅಪ್ಪನ ಕಾಲದಲ್ಲಿ ಯಂತ್ರ ಓಡಿಸುತ್ತಿದ್ದವಳು ಅವಳೇ. ಅದನ್ನೂ ನಾನು ಮೊದಲೇ ಹೇಳಬೇಕಿತ್ತು.

ಲಿರಾಯ್ ನನ್ನ ಗಾಡಿಯ ಹತ್ತಿರ ಬಂದ. "ಮೊದಲು ಆರ್ಲನ್‌ದು ಕೊಯ್ದಳು ಅಂತ ಬರಿ, ಮಾರಾಯ. ನನ್ನ ಮನಸ್ಸಿಗೆ ಸಮಾಧಾನ."

ಆರ್ಲನ್ ಇನ್ನೊಂದು ಕಿಟಕಿಗೆ ಬಂದ. "ಭಾವಂದು ಅಂತ ಬರಿ. ನಿನಗೆ ಕೈ ಮುಗೀತೀನಿ."

ನಾನು ಪೆನ್ನು ಜೇಬಿಗೆ ಹಾಕಿದೆ. ಎಡಕ್ಕೆ ಒಬ್ಬನ ಹೊಲ, ಬಲಕ್ಕೆ ಇನ್ನೊಬ್ಬನದು, ಎದುರಿಗೆ ಆರು ಎಕರೆ. ಬರ್ನೀಸ್ ಬಾಗಿಲು ಎಳೆದುಕೊಂಡಳು. ಅವಳ ಉಸಿರಿಗೆ ಗಾಜೆಲ್ಲ ಮಂಜಾಯಿತು. ಒಳಗೆ ಕೈ ಯಾವ ಕಡೆ ತಿರುಗಿತೋ ಕಾಣಲಿಲ್ಲ. ಎಂಜಿನ್ನು ಒಮ್ಮೆ ಕೆಮ್ಮಿ ಗುಡುಗಿತು, ಮೂತಿ ಮೇಲೆದ್ದಿತು.

"ಭಾವ, ಯಾವ ಕಡೆ ಹೊರಟ್ಲು?"

"ಯಾವ ಕಡೆನೋ. ಮುಂದೆ ನಿಲ್ಲಬೇಡ, ಈ ಕಡೆ ಬಾ."